ಕಲಬುರಗಿ ಪರಿಸರದ ಗ್ರಂಥಾಲಯ ಪೋಷಣೆ: ವಾರ್ಷಿಕ ಚಟುವಟಿಕೆಗಳ ಚಾರಿತ್ರಿಕ ನೆಲೆ

ಗ್ರಂಥಾಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸ್ಥಾಪನೆಯ ವರ್ಷ, ಸ್ಥಾಪಕರ ಹೆಸರು ಹಾಗೂ ಗ್ರಂಥಗಳ ಸಂಖ್ಯೆಯನ್ನು ದಾಖಲಿಸಿ ಮುಂದೆ ಸಾಗುತ್ತಾರೆ. ಸ್ಥಾಪನೆಯಾದ ಸಂಸ್ಥೆ ವರ್ಷದಿಂದ ವರ್ಷಕ್ಕೆ ಹೇಗೆ ಉಳಿದುಬಂದಿತು, ಅದರ ಖರ್ಚನ್ನು ಭರಿಸಿದವರು ಯಾರು, ಅದರ ಲೆಕ್ಕವನ್ನು ಕೇಳುವ ಅಧಿಕಾರ ಯಾರಿಗಿತ್ತು ಎಂಬ ಪ್ರಶ್ನೆಗಳು ಹಿಂದೆ ಉಳಿಯುತ್ತವೆ. ಕಲಬುರಗಿ ನಗರ ಮತ್ತು ಅದರ ಪರಿಸರವನ್ನು ಆಧಾರವಾಗಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರದೇಶದಲ್ಲಿ ಗ್ರಂಥಪೋಷಣೆಗೆ ದೊರೆಯುವ ಮಹತ್ವದ ಪ್ರಾಚೀನ ದಾಖಲೆಯೆಂದರೆ ಚಿತ್ತಾಪುರ ತಾಲ್ಲೂಕಿನ ನಾಗಾವಿಯ ಕ್ರಿ.ಶ. 1058ರ ಶಾಸನ. ಕಲ್ಯಾಣ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿ ಘಟಿಕಾಸ್ಥಾನವನ್ನು ನೆಲೆಗೊಳಿಸಿದನು. ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಜೊತೆಯಲ್ಲಿಯೇ ಆರು ಮಂದಿ ‘ಸರಸ್ವತೀ ಭಂಡಾರಿಗ’ರಿಗೂ ದತ್ತಿಯಲ್ಲಿ ಪಾಲು ನಿಗದಿಯಾಗಿರುವುದು ಗಮನಾರ್ಹ. ಗ್ರಂಥವನ್ನು ಕಾಯುವವನ ಜೀವನೋಪಾಯವನ್ನು ಇಲ್ಲಿ ಭೂಮಿಯ ಹುಟ್ಟುವಳಿಗೆ ಜೋಡಿಸಲಾಗಿತ್ತು. ಅಂದರೆ ಪ್ರತಿವರ್ಷದ ಬೆಳೆಯೊಂದಿಗೆ ಭಂಡಾರದ ಪೋಷಣೆಯೂ ನವೀಕರಣಗೊಳ್ಳುತ್ತಿತ್ತು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯು 1928ರಲ್ಲಿ ನಾಗಾವಿಯ ಶಾಸನಗಳನ್ನು ಪ್ರಕಟಿಸಿತು. ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನೆರವೇರಿದ್ದು ಅದೇ ವರ್ಷ.

ಮಧ್ಯಯುಗದಲ್ಲಿ ಈ ಹೊಣೆ ಧಾರ್ಮಿಕ ಸಂಸ್ಥೆಗಳಲ್ಲಿ ಮುಂದುವರಿಯಿತು. 1422ರಲ್ಲಿ ಕಾಲವಾದ ಸೂಫಿ ಸಂತ ಖಾಜಾ ಬಂದೇನವಾಜರು ಸ್ವತಃ ಗ್ರಂಥಕರ್ತರು. ಕಲಬುರಗಿಯಲ್ಲಿರುವ ಅವರ ದರ್ಗಾದ ಗ್ರಂಥಭಂಡಾರದಲ್ಲಿ ಅರಬ್ಬಿ, ಫಾರಸಿ ಮತ್ತು ಉರ್ದು ಕೃತಿಗಳು ಸಂರಕ್ಷಿತವಾಗಿವೆ. ನಾಗಾವಿಯಲ್ಲಾಗಲಿ ದರ್ಗಾದಲ್ಲಾಗಲಿ ಪೋಷಕನು ದಾನಿಯಾಗಿದ್ದನು; ಓದುಗನು ಆ ದಾನದ ಫಲಾನುಭವಿಯಾಗಿದ್ದನು.

ಓದುಗನೇ ಪೋಷಕನಾದ ಹಂತ ಆಧುನಿಕ ಕಾಲದ್ದು. ಚಂದಾ ಕೊಟ್ಟವರೆಲ್ಲ ಸೇರಿ ಗ್ರಂಥಾಲಯವನ್ನು ನಡೆಸುವ ಪದ್ಧತಿ ಹೈದರಾಬಾದ್ ಸಂಸ್ಥಾನದಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಲಗೊಂಡಿತು. 1901ರಲ್ಲಿ ರಾಜಧಾನಿಯಲ್ಲಿ ತೆಲುಗರು ಸ್ಥಾಪಿಸಿದ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯವು ಇದಕ್ಕೆ ಪ್ರಸಿದ್ಧ ನಿದರ್ಶನ. ಇಂತಹ ಸಂಘಗಳ ವರ್ಷಚಕ್ರ ಸರಳವಾದುದು: ಚಂದಾ ವಸೂಲಿ, ಪುಸ್ತಕಗಳ ಎಣಿಕೆ, ಹರಿದವಕ್ಕೆ ರಟ್ಟು ಕಟ್ಟಿಸುವುದು, ಹೊಸ ಪುಸ್ತಕಗಳ ಆಯ್ಕೆ, ಕೊನೆಗೆ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಮಂಡನೆ ಮತ್ತು ಉಪನ್ಯಾಸ. ಆದರೆ ಸಾರ್ವಜನಿಕ ಸಭೆಗಳಿಗೆ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿದ್ದ ‘ಗಸ್ತಿ ನಿಶಾನ್ 53’ ಎಂಬ ಸುತ್ತೋಲೆ ಜಾರಿಯಲ್ಲಿದ್ದ ಸಂಸ್ಥಾನದಲ್ಲಿ ವಾರ್ಷಿಕ ಸಭೆಯ ಅರ್ಥ ಲೆಕ್ಕಪತ್ರವನ್ನು ಮೀರಿತ್ತು. ತಮ್ಮ ಭಾಷೆಯಲ್ಲಿ ಮಾತನಾಡಲು, ಪದಾಧಿಕಾರಿಗಳನ್ನು ಆರಿಸಲು, ಅವರನ್ನು ಪ್ರಶ್ನಿಸಲು ಜನರಿಗೆ ದೊರೆತ ಕೆಲವೇ ಸಂದರ್ಭಗಳಲ್ಲಿ ಅದೂ ಒಂದಾಗಿತ್ತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನಗೊಂಡ ಬಳಿಕ ಗ್ರಂಥಾಲಯವು ಸರ್ಕಾರದ ಕರ್ತವ್ಯವೆಂಬ ಭಾವನೆ ಶಾಸನರೂಪ ಪಡೆಯಿತು. ಹೈದರಾಬಾದ್ ರಾಜ್ಯವು 1955ರಲ್ಲಿ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಅಂಗೀಕರಿಸಿತು. ಮರುವರ್ಷದ ರಾಜ್ಯ ಪುನರ್ವಿಂಗಡಣೆಯಲ್ಲಿ ಮೈಸೂರು ರಾಜ್ಯವನ್ನು ಸೇರಿದ ಕಲಬುರಗಿ, ಬೀದರ ಮತ್ತು ರಾಯಚೂರು ಜಿಲ್ಲೆಗಳು ಈ ಕಾಯಿದೆಯನ್ನು ತಮ್ಮೊಡನೆ ತಂದವು; 1948ರ ಮದ್ರಾಸ್ ಕಾಯಿದೆಯು ದಕ್ಷಿಣ ಕನ್ನಡ, ಬಳ್ಳಾರಿಗಳೊಡನೆ ಬಂದಿತ್ತು. ಹಳೆಯ ಮೈಸೂರು ಮತ್ತು ಮುಂಬಯಿ ಕರ್ನಾಟಕದಲ್ಲಿ ಇಂತಹ ಶಾಸನವೇ ಇರಲಿಲ್ಲ. ಈ ಭಿನ್ನತೆಗಳನ್ನು ಸರಿಪಡಿಸಿ ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆಯನ್ನು ತಂದುದು 1965ರ ಕಾಯಿದೆ. ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ ಅವರ ಚಿಂತನೆಯ ಪ್ರಭಾವ ಅದರ ಮೇಲಿದೆ. ಆಸ್ತಿ ತೆರಿಗೆ ಮೊದಲಾದವುಗಳ ಮೇಲೆ ವಿಧಿಸುವ ಗ್ರಂಥಾಲಯ ಕರವು ನಗರಗಳಲ್ಲಿ ಈ ವ್ಯವಸ್ಥೆಯ ಆರ್ಥಿಕ ಬುನಾದಿಯಾಯಿತು.

ಕರದಿಂದ ಆದ ಲಾಭ ನಿರ್ವಿವಾದ. ಚಂದಾ ಕೊಡಲಾರದವನಿಗೂ ವಾಚನಾಲಯದ ಬಾಗಿಲು ತೆರೆಯಿತು. ಆದರೆ ಇದರ ಜೊತೆಗೆ ಒಂದು ನಷ್ಟವೂ ಸಂಭವಿಸಿತು. ಚಂದಾದಾರನಾಗಿ ಲೆಕ್ಕ ಕೇಳುತ್ತಿದ್ದ ಓದುಗನು ಕರದಾತನಾದ ಮೇಲೆ ತಾನು ಗ್ರಂಥಾಲಯಕ್ಕೆ ಹಣ ಕೊಡುತ್ತಿದ್ದೇನೆ ಎಂಬ ಅರಿವನ್ನೇ ಕಳೆದುಕೊಂಡನು. ವಸೂಲಾದ ಕರವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯಗಳಿಗೆ ವರ್ಗಾಯಿಸದೆ ಬಾಕಿ ಉಳಿಸಿಕೊಳ್ಳುವ ವಿಷಯ ರಾಜ್ಯದಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿದ್ದರೂ ಅದು ಓದುಗರ ಬೇಡಿಕೆಯಾಗಿ ರೂಪುಗೊಂಡುದು ವಿರಳ.

ಗ್ರಂಥಾಲಯ ಪೋಷಕರ ಸಂಘಗಳ ಇಂದಿನ ಅಗತ್ಯವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1968ರಿಂದ ನವೆಂಬರ್ 14ರಿಂದ 20ರವರೆಗೆ ಆಚರಣೆಯಲ್ಲಿರುವ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ ಮತ್ತು ರಂಗನಾಥನ್ ಅವರ ಜನ್ಮದಿನವಾದ ಆಗಸ್ಟ್ 12ರಂದು ನಡೆಯುವ ಗ್ರಂಥಪಾಲಕರ ದಿನಾಚರಣೆ ಅವುಗಳಿಗೆ ಸಿದ್ಧವಾದ ಸಂದರ್ಭಗಳು. ಹೂಮಾಲೆ ಮತ್ತು ಭಾಷಣಗಳಿಗೆ ಇವು ಸೀಮಿತವಾಗದೆ, ವರ್ಷದ ಕರ ವಸೂಲಿ, ಕೊಂಡ ಪುಸ್ತಕಗಳು, ಖಾಲಿ ಹುದ್ದೆಗಳ ವಿವರವನ್ನು ಓದುಗರ ಮುಂದಿಡುವ ದಿನಗಳಾದರೆ ಹಳೆಯ ವಾರ್ಷಿಕ ಸಭೆಯ ಸತ್ವ ಮರಳಿ ಬರುತ್ತದೆ. ಉರ್ದು ಮತ್ತು ಕನ್ನಡ ಎರಡೂ ಬಳಕೆಯಲ್ಲಿರುವ ಮೋಮಿನಪುರದಂತಹ ಬಡಾವಣೆಯಲ್ಲಿ ಯಾವ ಭಾಷೆಯ ಎಷ್ಟು ಪುಸ್ತಕ ಬೇಕೆಂಬುದನ್ನು ಅಲ್ಲಿನ ಓದುಗರೇ ಹೇಳಬಲ್ಲರು. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದ ಕಾರಣ, ಕಮಲಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿಯೇ ಎತ್ತಲು ಸಾಧ್ಯವಿದೆ.

ನಾಗಾವಿಯ ಘಟಿಕಾಸ್ಥಾನದ ಗ್ರಂಥಗಳಲ್ಲಿ ಯಾವುದೂ ಇಂದು ನಮ್ಮ ಕೈಗೆ ಸಿಗುವುದಿಲ್ಲ. ಅವುಗಳನ್ನು ಕಾಯುವವರಿಗೆ ಮಾಡಿದ ವ್ಯವಸ್ಥೆ ಮಾತ್ರ ಕಲ್ಲಿನಲ್ಲಿ ಉಳಿದಿದೆ. ಭಂಡಾರವೊಂದು ಬಾಳಬೇಕಾದರೆ ಮೊದಲು ಗೊತ್ತುಪಡಿಸಬೇಕಾದುದು ಏನೆಂಬುದು ಅದನ್ನು ಬರೆಸಿದವರಿಗೆ ತಿಳಿದಿತ್ತು. ಆ ಹೊಣೆಯನ್ನು ದಾನಿಯಿಂದ ಚಂದಾದಾರನೂ ಚಂದಾದಾರನಿಂದ ಸರ್ಕಾರವೂ ವಹಿಸಿಕೊಂಡುದೇ ಈ ಪ್ರದೇಶದ ಗ್ರಂಥಾಲಯ ಚರಿತ್ರೆ. ಈ ಕ್ರಮದಲ್ಲಿ ಓದುಗನು ಬಿಟ್ಟುಕೊಟ್ಟ ಲೆಕ್ಕ ಕೇಳುವ ಹಕ್ಕನ್ನು ಅವನಿಗೆ ಮರಳಿ ತಂದುಕೊಡುವುದು ಪೋಷಕರ ಸಂಘಗಳ ಮುಂದಿರುವ ಕಾರ್ಯವಾಗಿದೆ.