ಕಜ್ಜಿ ನಾಯಿ, ಟಾರು ಮತ್ತು ಒಂದು ಸೂಜಿ (ಭಾಗ 6)

ನಮ್ಮ ಹಾಸ್ಟೆಲ್ ಗೇಟ್ ಹತ್ರ ಮಲಗೋ ಕರಿಯನ ಫೋಟೋ ಹೋದ ವಾರ ಹಾಕಿದ್ದೆ, ನೆನಪಿದ್ಯಾ? ಕಿವಿ ಅಂಚಲ್ಲಿ, ಮೊಣಕೈ ಹತ್ರ ಕೂದಲು ಉದುರಿ ಚರ್ಮ ಕೆಂಪಾಗಿತ್ತು. ರಾತ್ರಿಯೆಲ್ಲ ಪರಪರ ಕೆರೆತ. ತುಂಬಾ ಜನ ಒಂದೇ ಮೆಸೇಜ್ ಕಳಿಸಿದ್ರಿ: "ಗ್ಯಾರೇಜಿಂದ ವೇಸ್ಟ್ ಆಯಿಲ್ ತಂದು ಬಳಿ, ಹೋಗುತ್ತೆ."

ಕಪ್ಪಗಿರೋದನ್ನ ಬಳಿಯೋ ಈ ಐಡಿಯಾ ತುಂಬಾ ಹಳೇದು ಗುರು. ಕ್ರಿ.ಶ. 1ನೇ ಶತಮಾನದಲ್ಲಿ ಕೊಲುಮೆಲ್ಲ ಅನ್ನೋ ರೋಮನ್ ಲೇಖಕ ಬೇಸಾಯದ ಬಗ್ಗೆ 12 ಭಾಗದ ಪುಸ್ತಕ ಬರೆದ. 7ನೇ ಭಾಗದ ಕೊನೆಯಲ್ಲಿ ನಾಯಿಗಳ ಆರೈಕೆ ಬರುತ್ತೆ. ಚಿಗಟಕ್ಕೆ ಜೀರಿಗೆ ಮತ್ತು ಹೆಲಿಬೋರ್ ಅನ್ನೋ ಗಿಡವನ್ನ ಸಮಸಮ ಅರೆದು ನೀರಲ್ಲಿ ಕಲಸಿ ಹಚ್ಚಬೇಕಂತೆ. ಕಜ್ಜಿಗೆ ಎಳ್ಳು, ಜಿಪ್ಸಮ್ ಅರೆದು ಮರದ ಟಾರಿನಲ್ಲಿ ಬೆರೆಸಿ ಬಳಿಯಬೇಕಂತೆ. ಉಣ್ಣೆಯನ್ನ ಕೈಯಿಂದ ಕೀಳಬೇಡಿ, ಹುಣ್ಣಾಗುತ್ತೆ ಅಂತಾನೂ ಎಚ್ಚರಿಸ್ತಾನೆ. ಕಜ್ಜಿ ಮದ್ದು ಮನುಷ್ಯರಿಗೂ ಆಗುತ್ತೆ ಅಂತಾರೆ ಅನ್ನೋ ಮಾತನ್ನೂ ಸೇರಿಸ್ತಾನೆ. (ಜೀರಿಗೆ, ಎಳ್ಳು ಮನೇಲಿದೆ ಅಂತ ಟ್ರೈ ಮಾಡ್ಬೇಡಿ. ಹೆಲಿಬೋರ್ ವಿಷ.) ನಾಯಿಯನ್ನ ಹತ್ತಿರ ಕೂತು ನೋಡಿದವನೇ ಹೀಗೆ ಬರೆಯೋಕೆ ಸಾಧ್ಯ, ಅದಕ್ಕೇ ನನಗೆ ಈತ ಇಷ್ಟ. ಆದ್ರೆ ಕಜ್ಜಿ ಯಾಕಾಗುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ.

ಕಾರಣ ಕಣ್ಣಿಗೆ ಬಿದ್ದಿದ್ದು ಮನುಷ್ಯರ ಕಜ್ಜಿಯಲ್ಲಿ. ಇಟಲಿಯ ಲಿವೊರ್ನೊ ಊರಲ್ಲಿ ತಾಯಂದಿರು ಮಕ್ಕಳ ಕಜ್ಜಿ ಗುಳ್ಳೆಯಿಂದ ಸೂಜಿಯಲ್ಲಿ ಏನನ್ನೋ ತೆಗೀತಿದ್ರು. ಡಾಕ್ಟರ್ ಬೊನೊಮೊ, ಔಷಧಿ ಅಂಗಡಿಯ ಚೆಸ್ತೋನಿ ಇಬ್ಬರೂ ಅದನ್ನ ಮೈಕ್ರೋಸ್ಕೋಪಲ್ಲಿ ಇಟ್ಟು ನೋಡಿದ್ರು. ಆಮೆ ಆಕಾರದ ಬಿಳಿ ಹುಳ! 1687ರಲ್ಲಿ ಪ್ರಕಟಿಸಿದ್ರು. ವೈದ್ಯಲೋಕ ಬಹುಪಾಲು ಕಿವಿಗೇ ಹಾಕ್ಕೊಳ್ಳಲಿಲ್ಲ, ಮೈಯೊಳಗಿನ ದ್ರವ ಕೆಟ್ಟು ಕಜ್ಜಿ ಬರುತ್ತೆ ಅನ್ನೋ ನಂಬಿಕೆ ಅಷ್ಟು ಗಟ್ಟಿ. ಕೊನೆಗೆ 1834ರಲ್ಲಿ ಪ್ಯಾರಿಸ್‌ನ ಆಸ್ಪತ್ರೆಯೊಂದರಲ್ಲಿ ರೆನುಚಿ ಅನ್ನೋ ವಿದ್ಯಾರ್ಥಿ ಎಲ್ಲರ ಎದುರು ಸೂಜಿ ತುದಿಯಲ್ಲಿ ಹುಳ ತೆಗೆದು ತೋರಿಸಿದ. ಆ ಕೈಚಳಕ ಅವನು ಕಲಿತಿದ್ದು ತನ್ನೂರು ಕಾರ್ಸಿಕಾದ ಹೆಂಗಸರಿಂದ. ಪ್ರೊಫೆಸರ್‌ಗಳಿಗೆ 147 ವರ್ಷ ಬೇಕಾಯ್ತು, ಅಮ್ಮಂದಿರಿಗೆ ಮೊದಲೇ ಗೊತ್ತಿತ್ತು.

ನಾಯಿಗೆ ಹತ್ತೋದು ಇದೇ ಹುಳದ ಇನ್ನೊಂದು ಬಗೆ, ಹೆಸರು ಸಾರ್ಕಾಪ್ಟಿಸ್. ಶನಿವಾರ ಕರಿಯನನ್ನ ಆಟೋದಲ್ಲಿ ಕರ್ಕೊಂಡು ಹೋದ್ವಿ. ಡಾಕ್ಟ್ರು ಬ್ಲೇಡಿನಿಂದ ಚರ್ಮ ಸ್ವಲ್ಪ ಕೆರೆದು, ಎಣ್ಣೆ ಹನಿ ಹಾಕಿ ಮೈಕ್ರೋಸ್ಕೋಪಲ್ಲಿ ತೋರಿಸಿದ್ರು. ಆಮೇನೇ, ಕಾಲಾಡಿಸ್ತಿತ್ತು. ಕೆರೆತ ಅಂದ್ರೆಲ್ಲ ಇದೇ ಹುಳ ಅಲ್ಲ, ಚಿಗಟದ ಅಲರ್ಜಿ, ಫಂಗಸ್ ಕೂಡ ಇರಬಹುದು, ಒಂದೊಂದಕ್ಕೂ ಬೇರೆ ಮದ್ದು ಅಂದ್ರು. ಇಂಜಿನ್ ಆಯಿಲ್ ಬಳಿದ್ರೆ ನಾಯಿ ನೆಕ್ಕುತ್ತೆ, ವಿಷ ಹೊಟ್ಟೆಗೆ ಹೋಗುತ್ತೆ, ಹಸಿ ಚರ್ಮ ಇನ್ನೂ ಉರಿಯುತ್ತೆ.

ಕೊಟ್ಟಿದ್ದು ಐವರ್ಮೆಕ್ಟಿನ್. ಜಪಾನಿನ ಮಣ್ಣಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಮದ್ದು. ಅದರ ಹಿಂದಿನ ಒಮುರಾ ಮತ್ತು ಕ್ಯಾಂಪ್‌ಬೆಲ್‌ಗೆ 2015ರಲ್ಲಿ ನೊಬೆಲ್ ಬಂತು. ಆದ್ರೆ ಮೆಡಿಕಲ್ ಶಾಪಿಂದ ತಂದು ಅಂದಾಜಲ್ಲಿ ಕೊಡ್ಬೇಡಿ. ಕೋಲಿ ತಳಿಯ ಎಷ್ಟೋ ನಾಯಿಗಳಲ್ಲಿ ಒಂದು ಜೀನ್ ದೋಷ ಇರುತ್ತೆ, ಡೋಸ್ ಹೆಚ್ಚಾದ್ರೆ ಮದ್ದು ಮಿದುಳಿಗೆ ಹೋಗಿ ಪ್ರಾಣಕ್ಕೇ ಬರುತ್ತೆ.

ಅಂದಹಾಗೆ ಈಗ ನನ್ನ ಮುಂಗೈಯಲ್ಲೂ ಕೆರೆತ. ನಾಯಿ ಹುಳ ನಮ್ಮ ಮೇಲೆ ಹೆಚ್ಚು ದಿನ ಬಾಳಲ್ಲ ಅಂದ್ರು ಡಾಕ್ಟ್ರು, ಕೊಲುಮೆಲ್ಲನ ಟಾರು ಬೇಕಾಗಲಿಕ್ಕಿಲ್ಲ 😅

ಗೇಟ್ ಹತ್ರ ಆಯಿಲ್ ಡಬ್ಬ ಇಟ್ಟವರು ದಯವಿಟ್ಟು ವಾಪಸ್ ತಗೊಂಡು ಹೋಗಿ. ಕರಿಯನ ಮುಂದಿನ ಡೋಸ್ ಬರೋ ಶನಿವಾರ, ಹಿಡ್ಕೊಳ್ಳೋಕೆ ಇಬ್ರು ಬೇಕು.