ವಿಡಿಯೋ ಮತ್ತು ಧ್ವನಿ ಪಾಠಗಳಿಂದ ಕಲಿಯುವಾಗ ಟಿಪ್ಪಣಿ ಬರೆದುಕೊಳ್ಳುವ ಕ್ರಮ

1. ಪೀಠಿಕೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಭೂಸನೂರಿನಂತಹ ಗ್ರಾಮಗಳಲ್ಲಿ ಪದವಿಪೂರ್ವ ಹಾಗೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಸಿದ್ಧರಾಗುವ ಅಭ್ಯರ್ಥಿಗಳಿಗೂ, ಬೇಸಾಯದ ಹೊಸ ಕ್ರಮಗಳನ್ನು ತಿಳಿಯಬಯಸುವ ರೈತರಿಗೂ ಮೊಬೈಲ್‌ನಲ್ಲಿ ದೊರೆಯುವ ವಿಡಿಯೋ ಪಾಠ ಮತ್ತು ಪಾಡ್‌ಕಾಸ್ಟ್‌ಗಳು ಉಪಯುಕ್ತವಾಗಿವೆ. ನಗರದಲ್ಲಿ ಕೊಠಡಿ ಹಿಡಿದು ತರಬೇತಿ ಪಡೆಯಲು ಅನುಕೂಲವಿಲ್ಲದವರಿಗೆ ಇವೇ ತರಗತಿಗಳು. ಆದರೆ ನೋಡುವಾಗ ಎಲ್ಲವೂ ತಿಳಿದಂತೆ ತೋರಿ, ಪರೀಕ್ಷೆಯ ದಿನ ಅಥವಾ ಹೊಲದಲ್ಲಿ ನಿಂತಾಗ ನೆನಪಿಗೆ ಬಾರದಿರುವುದು ಅನೇಕರ ಅನುಭವ. ಈ ಕೊರತೆಯನ್ನು ನೀಗಲು ಅಲ್ಪ ವೆಚ್ಚದ ಸಾಧನವೆಂದರೆ ಟಿಪ್ಪಣಿ ಪುಸ್ತಕ.

2. ಹಿನ್ನೆಲೆ

ಈ ಭಾಗಕ್ಕೆ ದೃಶ್ಯ ಪಾಠ ಹೊಸದಲ್ಲ. ದಿನಾಂಕ 1-8-1975 ರಿಂದ 31-7-1976 ರವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಗ್ರಾಮಗಳಿಗೆ ದೂರದರ್ಶನ ಶಿಕ್ಷಣವನ್ನು ತಲುಪಿಸಿತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆಯ್ಕೆಯಾದವು ಅಂದಿನ ಗುಲ್ಬರ್ಗಾ, ಬಿಜಾಪುರ ಮತ್ತು ರಾಯಚೂರು ಜಿಲ್ಲೆಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಕನ್ನಡದಲ್ಲಿ ಸುಮಾರು 22 ನಿಮಿಷಗಳ ಪಾಠವಿದ್ದರೆ, ಸಂಜೆ ವಯಸ್ಕರಿಗಾಗಿ ಕೃಷಿ, ಆರೋಗ್ಯ ಮೊದಲಾದ ವಿಷಯಗಳ ಕಾರ್ಯಕ್ರಮಗಳಿದ್ದವು. ಊರಿಗೆಲ್ಲ ಸೇರಿ ಒಂದೇ ಪೆಟ್ಟಿಗೆ. ಅರ್ಥವಾಗದ ಭಾಗವನ್ನು ನಿಲ್ಲಿಸಿ ಮತ್ತೆ ನೋಡುವ ಅವಕಾಶ ವೀಕ್ಷಕರಿಗೆ ಇರಲಿಲ್ಲ.

ತದನಂತರ 2003ರಲ್ಲಿ ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಪಿಟಿಇಎಲ್ ಹಾಗೂ 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಜಾಲತಾಣ ಆರಂಭವಾದವು. 2020ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದವು. ಇಂದಿನ ಕಲಿಯುವವರಿಗೆ ಇರುವ ದೊಡ್ಡ ಅನುಕೂಲವೆಂದರೆ ಪಾಠವನ್ನು ನಿಲ್ಲಿಸಬಹುದು. ಟಿಪ್ಪಣಿಯ ಕ್ರಮವೆಲ್ಲ ಈ ಅನುಕೂಲವನ್ನು ಆಧರಿಸಿದೆ.

3. ಟಿಪ್ಪಣಿಯ ಅಗತ್ಯ

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ ಇವರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ಪಠ್ಯವನ್ನು ಎರಡು ರೀತಿಯಲ್ಲಿ ಅಭ್ಯಾಸ ಮಾಡಿದರು: ಎರಡು ಸಲ ಓದುವುದು ಒಂದು ರೀತಿ; ಒಮ್ಮೆ ಓದಿ ನಂತರ ನೆನಪಿನಿಂದ ಬರೆಯುವುದು ಇನ್ನೊಂದು. ಐದು ನಿಮಿಷಗಳ ನಂತರ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ನೆನಪಿದ್ದುದು ಶೇ. 42ರಷ್ಟು, ನೆನಪಿನಿಂದ ಬರೆದವರಿಗೆ ಶೇ. 56ರಷ್ಟು. ಒಂದೇ ವಿಡಿಯೋವನ್ನು ಮತ್ತೆ ಮತ್ತೆ ನೋಡುವುದರಿಂದ ಧೈರ್ಯ ಬರಬಹುದಾದರೂ ನೆನಪು ಅಷ್ಟೇ ಪ್ರಮಾಣದಲ್ಲಿ ಉಳಿಯುವುದಿಲ್ಲವೆಂದು ಇದರಿಂದ ತಿಳಿಯಬಹುದು.

4. ಅನುಸರಿಸಬಹುದಾದ ಕ್ರಮ

(ಅ) ಪುಟದ ಮೇಲ್ಭಾಗದಲ್ಲಿ ದಿನಾಂಕ, ಪಾಠದ ಹೆಸರು, ಬೋಧಕರ ಅಥವಾ ವಾಹಿನಿಯ ಹೆಸರನ್ನು ನಮೂದಿಸುವುದು.

(ಆ) ಪುಟದ ಎಡಬದಿಯಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಗೆರೆ ಎಳೆದು ಬೇರ್ಪಡಿಸುವುದು. ಬಲಬದಿಯಲ್ಲಿ ವಿಷಯ, ಎಡಬದಿಯಲ್ಲಿ ಅದಕ್ಕೆ ಸಂಬಂಧಿಸಿದ ಪ್ರಶ್ನೆ, ಕೆಳಗೆ ಎರಡು ಸಾಲಿನ ಸಾರಾಂಶ. ಇದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅವರು ರೂಪಿಸಿದ ಪದ್ಧತಿ.

(ಇ) ಐದಾರು ನಿಮಿಷಗಳಿಗೊಮ್ಮೆ ಪಾಠವನ್ನು ನಿಲ್ಲಿಸಿ, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಬರೆಯುವುದು. ಪಾಠ ನಡೆಯುತ್ತಿರುವಾಗಲೇ ಪ್ರತಿಯೊಂದು ಮಾತನ್ನೂ ಬರೆಯಲು ಹೋದರೆ ಕೈ ಓಡುತ್ತದೆ, ಮನಸ್ಸು ಹಿಂದುಳಿಯುತ್ತದೆ.

(ಈ) ಅರ್ಥವಾಗದ ಭಾಗದ ಸಮಯವನ್ನು, ಉದಾಹರಣೆಗೆ ‘12-40’ ಎಂದು, ಅಂಚಿನಲ್ಲಿ ಗುರುತು ಮಾಡುವುದು. ಇದರಿಂದ ಇಡೀ ಪಾಠವನ್ನು ಪುನಃ ನೋಡುವ ಅಗತ್ಯವಿರುವುದಿಲ್ಲ. ಡೇಟಾ ಸಹ ಉಳಿತಾಯವಾಗುತ್ತದೆ.

(ಉ) ಲೆಕ್ಕದ ಪಾಠವಾದಲ್ಲಿ ಪ್ರಶ್ನೆಯನ್ನು ಬರೆದುಕೊಂಡ ಕೂಡಲೇ ವಿಡಿಯೋ ನಿಲ್ಲಿಸಿ, ಸ್ವತಃ ಬಿಡಿಸಿ, ಅನಂತರ ತಾಳೆ ನೋಡುವುದು. ನೇರ ರೇಖಾ ಪದ್ಧತಿಯ ಸವಕಳಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಯಂತ್ರದ ಬೆಲೆ ರೂ. 1,00,000, ಗುಜರಿ ಮೌಲ್ಯ ರೂ. 10,000, ಬಾಳಿಕೆ 9 ವರ್ಷಗಳಾದಲ್ಲಿ ವಾರ್ಷಿಕ ಸವಕಳಿ ರೂ. 10,000. ಬೋಧಕರು ಬಿಡಿಸುವುದನ್ನು ನೋಡಿದವರು ಗುಜರಿ ಮೌಲ್ಯವನ್ನು ಕಳೆಯಲು ಮರೆಯಬಹುದು. ತಾವೇ ಒಮ್ಮೆ ತಪ್ಪಿ ತಿದ್ದಿಕೊಂಡವರು ಸುಲಭವಾಗಿ ಮರೆಯಲಾರರು.

5. ಪಾಡ್‌ಕಾಸ್ಟ್‌ಗಳ ಬಗ್ಗೆ

ಧ್ವನಿ ಪಾಠಗಳನ್ನು ಬಸ್ಸಿನಲ್ಲಿ, ಹೊಲದ ಕೆಲಸದ ನಡುವೆ ಕೇಳುವುದರಿಂದ ಆ ಕೂಡಲೇ ಬರೆಯಲು ಸಾಧ್ಯವಾಗುವುದಿಲ್ಲ. ಇಂತಹ ಸಂದರ್ಭದಲ್ಲಿ ಮನೆಗೆ ಬಂದ ನಂತರ, ಮತ್ತೆ ಕೇಳುವ ಮೊದಲು, ನೆನಪಿರುವ ಮೂರು ಅಂಶಗಳನ್ನು ಬರೆಯುವುದು ಸೂಕ್ತ. ಧ್ವನಿಯಲ್ಲಿ ಕೇಳಿದ ಹೆಸರು ಮತ್ತು ಇಸವಿಗಳ ಎದುರು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪಠ್ಯಪುಸ್ತಕದಲ್ಲಿ ಪರಿಶೀಲಿಸಿದ ನಂತರವೇ ಅದನ್ನು ಹೊಡೆದುಹಾಕತಕ್ಕದ್ದು.

6. ರೈತರು ಗಮನಿಸಬೇಕಾದ ಅಂಶ

ತೊಗರಿ ಈ ಜಿಲ್ಲೆಯ ಪ್ರಮುಖ ಬೆಳೆ. ಗೊಡ್ಡು ರೋಗ, ಕಾಯಿಕೊರಕ ಮೊದಲಾದವುಗಳ ನಿಯಂತ್ರಣದ ಬಗ್ಗೆ ಅನೇಕ ವಿಡಿಯೋಗಳು ಲಭ್ಯವಿದ್ದು, ಅವುಗಳಲ್ಲಿ ಹೇಳುವ ಪ್ರಮಾಣವನ್ನು ನೆನಪಿನಲ್ಲಿಟ್ಟುಕೊಂಡು ಸಿಂಪಡಿಸುವುದು ಅಪಾಯಕಾರಿ. ‘ಲೀಟರ್ ನೀರಿಗೆ’ ಎಂಬುದನ್ನು ‘ಎಕರೆಗೆ’ ಎಂದು ಗ್ರಹಿಸಿದಲ್ಲಿ ಬೆಳೆಯೂ ಹಣವೂ ನಷ್ಟ. ಆದ್ದರಿಂದ ಔಷಧಿಯ ಹೆಸರು, ಪ್ರಮಾಣ, ಯಾವುದಕ್ಕೆ ಆ ಪ್ರಮಾಣ, ಬೆಳೆಯ ಹಂತ ಮತ್ತು ವಿಡಿಯೋದ ದಿನಾಂಕ ಎಂಬ ಐದು ಅಂಶಗಳನ್ನು ಬರೆದುಕೊಂಡು, ಆ ಚೀಟಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ತೋರಿಸಿ ಖಚಿತಪಡಿಸಿಕೊಂಡ ನಂತರವೇ ಖರೀದಿಸುವುದು ಸೂಕ್ತ.

7. ಪುನರಾವರ್ತನೆ

ಬರೆದ ಟಿಪ್ಪಣಿಯನ್ನು ಮಾರನೆಯ ದಿನ, ಒಂದು ವಾರದ ನಂತರ ಹಾಗೂ ಒಂದು ತಿಂಗಳ ನಂತರ ಪರಿಶೀಲಿಸುವುದು. ಪರಿಶೀಲಿಸುವಾಗ ಬಲಬದಿಯನ್ನು ಕಾಗದದಿಂದ ಮುಚ್ಚಿ, ಎಡಬದಿಯ ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳತಕ್ಕದ್ದು. ಉತ್ತರ ಬಾರದ ಪ್ರಶ್ನೆಗೆ ಮಾತ್ರ ವಿಡಿಯೋದ ಗುರುತು ಮಾಡಿದ ಸಮಯಕ್ಕೆ ಹಿಂದಿರುಗಿದರೆ ಸಾಕು. ನೆಟ್‌ವರ್ಕ್ ಇಲ್ಲದ ದಿನವೂ, ಮನೆಯ ಒಂದೇ ಮೊಬೈಲ್ ಬೇರೆಯವರ ಕೈಯಲ್ಲಿರುವ ಹೊತ್ತಿನಲ್ಲಿಯೂ ಟಿಪ್ಪಣಿ ಪುಸ್ತಕದಿಂದ ಅಭ್ಯಾಸವನ್ನು ಮುಂದುವರಿಸಬಹುದಾಗಿದೆ.