ಎಚ್‌ಎಲ್‌ಎ-ಬಿ*೧೫:೦೨ ಮತ್ತು ಕಾರ್ಬಮಜೆಪೀನ್ ಅಲರ್ಜಿ

ಎಚ್‌ಎಲ್‌ಎ-ಬಿ*೧೫:೦೨ ಎಂಬುದು ಮಾನವನ ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ-ಬಿ ವಂಶವಾಹಿಯ ಒಂದು ರೂಪ. ಇದನ್ನು ಹೊಂದಿರುವವರಲ್ಲಿ ಕಾರ್ಬಮಜೆಪೀನ್ ಎಂಬ ಔಷಧಕ್ಕೆ ಪ್ರಾಣಾಂತಿಕ ಅಲರ್ಜಿ ಉಂಟಾಗುವ ಸಾಧ್ಯತೆ ಇತರರಿಗಿಂತ ಬಹಳ ಹೆಚ್ಚು. ಅಲರ್ಜಿಯ ಒಲವು ಜನಸಮುದಾಯದಿಂದ ಜನಸಮುದಾಯಕ್ಕೆ ಏಕೆ ಬದಲಾಗುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳಲ್ಲಿ ಇದೂ ಒಂದು.

ಅಲರ್ಜಿಯ ಸ್ವರೂಪ

ಕಾರ್ಬಮಜೆಪೀನನ್ನು ಮೂರ್ಛೆರೋಗ, ಮುಖದ ನರಶೂಲೆ ಮೊದಲಾದವುಗಳಿಗೆ ನೀಡಲಾಗುತ್ತದೆ. ಔಷಧ ಆರಂಭಿಸಿದ ಮೊದಲ ಕೆಲವು ತಿಂಗಳುಗಳಲ್ಲಿ, ಅಪರೂಪವಾಗಿ, ಜ್ವರ, ಬಾಯಿ ಮತ್ತು ಕಣ್ಣುಗಳಲ್ಲಿ ಹುಣ್ಣು ಕಾಣಿಸಿಕೊಂಡು ಚರ್ಮ ಸುಟ್ಟಂತೆ ಸುಲಿಯತೊಡಗುತ್ತದೆ. ದೇಹದ ಶೇ. ೧೦ಕ್ಕಿಂತ ಕಡಿಮೆ ಭಾಗದ ಚರ್ಮ ಸುಲಿದರೆ ಅದನ್ನು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂದೂ, ಶೇ. ೩೦ಕ್ಕಿಂತ ಹೆಚ್ಚು ಸುಲಿದರೆ ಟಾಕ್ಸಿಕ್ ಎಪಿಡರ್ಮಲ್ ನೆಕ್ರೋಲೈಸಿಸ್ ಎಂದೂ ಕರೆಯುತ್ತಾರೆ. ಎರಡನೆಯದರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ರೋಗಿಗಳು ಸಾವಿಗೀಡಾಗಬಹುದು. ಬದುಕುಳಿದವರಲ್ಲಿ ಕೆಲವರಿಗೆ ದೃಷ್ಟಿದೋಷ ಶಾಶ್ವತವಾಗಿ ಉಳಿಯುತ್ತದೆ.

ಎಚ್‌ಎಲ್‌ಎ ಪ್ರೋಟೀನುಗಳು ಜೀವಕೋಶದೊಳಗಿನ ಪ್ರೋಟೀನು ತುಣುಕುಗಳನ್ನು ಟಿ-ಕೋಶಗಳ ಮುಂದೆ ಒಡ್ಡುತ್ತವೆ. ಕಾರ್ಬಮಜೆಪೀನ್ ಅಣು ಬಿ*೧೫:೦೨ ಪ್ರೋಟೀನಿಗೆ ಅಂಟಿಕೊಂಡಾಗ ಟಿ-ಕೋಶಗಳು ಅದನ್ನು ಪರಕೀಯವೆಂದು ಭಾವಿಸಿ, ಚರ್ಮದ ಕೋಶಗಳನ್ನು ಕೊಲ್ಲುವ ಗ್ರಾನುಲೈಸಿನ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ.

ಸಂಶೋಧನೆ

೨೦೦೪ರಲ್ಲಿ ತೈವಾನಿನ ಸಂಶೋಧಕರು ಹಾನ್ ಚೀನೀ ಮೂಲದ ೪೪ ರೋಗಿಗಳನ್ನು ಪರೀಕ್ಷಿಸಿದಾಗ, ೪೪ ಮಂದಿಯಲ್ಲಿಯೂ ಈ ರೂಪ ಕಂಡುಬಂತು. ಔಷಧವನ್ನು ಸಹಿಸಿಕೊಂಡಿದ್ದ ೧೦೧ ಮಂದಿಯಲ್ಲಿ ಮೂವರಲ್ಲಿ ಮಾತ್ರ ಇತ್ತು. ೨೦೦೭ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಏಷ್ಯಾ ಮೂಲದವರಿಗೆ ಔಷಧ ನೀಡುವ ಮೊದಲು ವಂಶವಾಹಿ ಪರೀಕ್ಷೆ ನಡೆಸುವಂತೆ ಎಚ್ಚರಿಕೆ ಪ್ರಕಟಿಸಿತು. ತೈವಾನಿನಲ್ಲಿ ೪,೮೭೭ ಮಂದಿಯನ್ನು ಮೊದಲೇ ಪರೀಕ್ಷಿಸಿ, ಈ ರೂಪವಿದ್ದ ಶೇ. ೭.೭ರಷ್ಟು ಜನರಿಗೆ ಬೇರೆ ಔಷಧ ನೀಡಿದಾಗ ಒಬ್ಬರಿಗೂ ಈ ಕಾಯಿಲೆ ಬರಲಿಲ್ಲವೆಂದು ೨೦೧೧ರಲ್ಲಿ ವರದಿಯಾಯಿತು.

ಜನಸಮುದಾಯಗಳಲ್ಲಿ ಹಂಚಿಕೆ

ದಕ್ಷಿಣ ಚೀನಾ, ಥಾಯ್ಲೆಂಡ್, ಮಲೇಷ್ಯಾ, ಫಿಲಿಪ್ಪೀನ್ಸ್‌ಗಳಲ್ಲಿ ಈ ರೂಪ ಸಾಮಾನ್ಯ. ಯುರೋಪಿಯನ್ನರಲ್ಲಿ ಇಲ್ಲವೆನ್ನುವಷ್ಟು ವಿರಳ. ಜಪಾನ್ ಮತ್ತು ಕೊರಿಯಾಗಳಲ್ಲಿಯೂ ಶೇ. ೧ಕ್ಕಿಂತ ಕಡಿಮೆಯಾದ್ದರಿಂದ ‘ಏಷ್ಯಾ ಮೂಲ’ ಎಂಬ ವರ್ಗೀಕರಣ ಸಾಕಷ್ಟು ಒರಟಾದುದು. ಜಪಾನೀಯರಲ್ಲಿ ಮತ್ತು ಯುರೋಪಿಯನ್ನರಲ್ಲಿ ಇದೇ ಔಷಧದ ಅಲರ್ಜಿಗೆ ಎಚ್‌ಎಲ್‌ಎ-ಎ*೩೧:೦೧ ಎಂಬ ಬೇರೊಂದು ರೂಪದ ನಂಟಿರುವುದು ೨೦೧೧ರಲ್ಲಿ ತಿಳಿದುಬಂತು.

ಭಾರತೀಯರಲ್ಲಿ ಇದರ ಪ್ರಮಾಣ ಮಧ್ಯಮ. ಸಮುದಾಯದಿಂದ ಸಮುದಾಯಕ್ಕೆ ವ್ಯತ್ಯಾಸವಿದೆ. ೨೦೦೯ರಲ್ಲಿ ಪ್ರಕಟವಾದ ಭಾರತೀಯ ಅಧ್ಯಯನವೊಂದರಲ್ಲಿ ಎಂಟು ರೋಗಿಗಳ ಪೈಕಿ ಆರು ಮಂದಿಯಲ್ಲಿ ಬಿ*೧೫:೦೨ ಪತ್ತೆಯಾಗಿತ್ತು. ಉಳಿದ ಇಬ್ಬರಲ್ಲಿ ಅದಿಲ್ಲದಿದ್ದರೂ ಕಾಯಿಲೆ ಬಂದಿತ್ತೆಂಬುದು ಗಮನಾರ್ಹ.

ಪರೀಕ್ಷೆಯ ಮಿತಿಗಳು

ಈ ರೂಪವುಳ್ಳ ಬಹುಪಾಲು ಜನರಿಗೆ ಔಷಧ ಸೇವಿಸಿದರೂ ಅಲರ್ಜಿಯಾಗುವುದಿಲ್ಲ. ಹಲವು ತಿಂಗಳುಗಳಿಂದ ತೊಂದರೆಯಿಲ್ಲದೆ ಸೇವಿಸುತ್ತಿರುವವರಲ್ಲಿ ಅಪಾಯ ಕಡಿಮೆ. ಅಂಥವರು ವೈದ್ಯರನ್ನು ಕೇಳದೆ ಔಷಧವನ್ನು ಹಠಾತ್ತನೆ ನಿಲ್ಲಿಸಿದರೆ ಮೂರ್ಛೆ ಮರುಕಳಿಸಬಹುದು. ಹಾಂಗ್‌ಕಾಂಗಿನಲ್ಲಿ ೨೦೦೮ರಲ್ಲಿ ಪರೀಕ್ಷೆಯನ್ನು ಜಾರಿಗೆ ತಂದ ಮೇಲೆ ಕಾರ್ಬಮಜೆಪೀನ್‌ನಿಂದಾಗುವ ಪ್ರಕರಣಗಳು ನಿಂತವು. ಆದರೆ ವೈದ್ಯರು ಪರೀಕ್ಷೆಯ ಗೋಜಿಲ್ಲದ ಫಿನಿಟಾಯಿನ್ ಮೊದಲಾದ ಔಷಧಗಳತ್ತ ಹೊರಳಿದರು. ಅವುಗಳಿಂದಲೂ ಇದೇ ಅಲರ್ಜಿ ಬರಬಹುದಾದ್ದರಿಂದ ಮೂರ್ಛೆರೋಗದ ಔಷಧಗಳಿಂದಾಗುವ ಒಟ್ಟು ಪ್ರಕರಣಗಳು ಇಳಿಯಲಿಲ್ಲ.